ಸಾವಂತ್ರಿಯ ಮೊಣಕೈ, ಮಲಕಪ್ಪನ ಎಡಗೈ

ಮಲಕಪ್ಪ ಅರ್ಧ ರೊಟ್ಟಿ ತಾಟಿನಲ್ಲೇ ಬಿಟ್ಟು ಎದ್ದ.

ಸಂಶಿಯ ಬಸ್ ನಿಲ್ದಾಣದ ಹಿಂದಿನ ದೇವಕ್ಕನ ಖಾನಾವಳಿಯಲ್ಲಿ ಊಟ ಬಿಟ್ಟು ಏಳುವವರೇ ಇರಲಿಲ್ಲ. ಜ್ವರ ಬಂದವರೂ ಅಲ್ಲಿ ಎರಡು ರೊಟ್ಟಿ ಮುರಿದೇ ಏಳುತ್ತಿದ್ದರು. ಹಾಗಿರುವಾಗ ಈ ಮನುಷ್ಯ, ದನದ ದವಾಖಾನೆಯ ಕಂಪೌಂಡರು, ಎಣ್ಣೆಗಾಯಿ ಪಲ್ಯಕ್ಕೂ ಕೈ ಹಚ್ಚದೆ, ಮೂಗಿಗೆ ಕರ್ಚೀಫು ಹಿಡಿದುಕೊಂಡು ನಡೆದುಬಿಟ್ಟರೆ ರೊಟ್ಟಿ ಬಡಿದವಳ ಪಿತ್ತ ನೆತ್ತಿಗೇರದೆ ಇರುತ್ತದೆಯೇ?

ದೇವಕ್ಕನ ಒಬ್ಬಳೇ ಮಗಳು ಸಾವಂತ್ರೆವ್ವ ಒಲೆಯ ಮುಂದಿನಿಂದ ಎದ್ದು ಬಾಗಿಲಿಗೆ ಬಂದಳು. ಊರವರ ಬಾಯಲ್ಲಿ ಅವಳು ಬರೀ ಸಾವಂತ್ರಿ.

"ಏನ್ರಿ, ರೊಟ್ಟಿಯೊಳಗ ಹುಳ ಇದ್ದುವೇನು?"

"ಇಲ್ರಿ."

"ಮತ್ತ ಮೂಗ್ಯಾಕ ಮುಚ್ಚಿಕೊಂಡ್ರಿ?"

"ವಾಸನಿ ಬಂತ್ರಿ," ಎಂದ ಮಲಕಪ್ಪ, ನೆಲ ನೋಡುತ್ತ.

"ಮುಂಜಾನಿಂದ ಸಂಜೀತನಕ ಆಕಳ ಹಿಂದ ಕೈ ಹಾಕಾವ್ರಿಗೆ ನನ್ನ ಅಡಗಿ ವಾಸನಿ ಬಂತೇನು? ಹೇಸಿಗಿ ಬರಬೇಕಾಗಿದ್ದು ನನಗ. ಅದ ಕೈಲೆ ನೀವು ನನ್ನ ರೊಟ್ಟಿ ಮುರೀತೀರಲ್ಲ, ಅದನ್ನ ನೋಡಿ."

ಪಡಸಾಲೆಯಲ್ಲಿ ಉಣ್ಣುತ್ತಿದ್ದವರು ಕಿಸಕ್ಕನೆ ನಕ್ಕರು. ಮಲಕಪ್ಪನ ಕಿವಿ ಕೆಂಪಾದವು. ಅವನು ತಲೆಯೆತ್ತಿ ಅವಳ ಬಲಗೈಯ ಮೊಣಕೈಯನ್ನು ಒಂದು ಕ್ಷಣ ನೋಡಿದ. "ಅಡಗಿ ಅಲ್ರಿ. ನಿಮ್ಮ ಕೈ," ಎಂದು ಹೇಳಿ, ಲೂನಾ ತುಳಿದುಕೊಂಡು ಹೋಗಿಬಿಟ್ಟ.

ಅವನು ಹೇಳಿದ್ದು ನಿಜವಾಗಿತ್ತು. ಸಾವಂತ್ರಿಗೆ ಉರಿ ಹತ್ತಿದ್ದು ಅದಕ್ಕೇ.

ಸಾವಂತ್ರಿಯ ಮೂಗು ಹುಟ್ಟಿನಿಂದಲೇ ತುಟ್ಟಿ. ನೊಣ ಕೂತ ತಾಟನ್ನು ಬೂದಿ ಹಚ್ಚಿ ತಿಕ್ಕುವವಳು, ಪರರು ಕಚ್ಚಿಕೊಂಡು ಕುಡಿದ ತಂಬಿಗೆಯನ್ನು ಚಿಮುಟಿಗೆಯಲ್ಲಿ ಹಿಡಿದು ಒಯ್ಯುವವಳು. ಅಂಥವಳ ಮೊಣಕೈಗೆ ಈಗ ಕೊಳೆತ ತತ್ತಿಯ ಪಟ್ಟಿ. ಚೈತ್ರದ ಬಿಸಿಲು, ಒಲೆಯ ಝಳ, ಅದರ ನಡುವೆ ತತ್ತಿ, ಉದ್ದಿನಹಿಟ್ಟು, ಯಾವುದೋ ಗಿಡದ ಸೊಪ್ಪು ಅರೆದು ಮೆತ್ತಿದ ಬಟ್ಟೆ. ಬಟ್ಟೆಯ ಕೆಳಗೆ ಉಡದ ಎಣ್ಣೆ. ಬೆವರಿದಾಗ ಅದೆಲ್ಲ ಕರಗಿ, ಹಳದಿ ನೀರಾಗಿ ಮುಂಗೈವರೆಗೆ ಇಳಿಯುತ್ತಿತ್ತು. ಅವಳು ತನ್ನ ಕೈಯನ್ನೇ ಬಾಜೂ ಮನೆಯವರ ಕೈಯ ಹಾಗೆ ದೂರ ಹಿಡಿದುಕೊಂಡು ಓಡಾಡುತ್ತಿದ್ದಳು.

ನೋವು ಶುರುವಾದದ್ದು ಸಂಕ್ರಾಂತಿಯ ಮುಂದೆ. ಕಬ್ಬಿಣದ ಹಂಚನ್ನು ಎತ್ತಿ ಇಳಿಸುವಾಗ ಮೊಣಕೈಯ ಹೊರಗಿನ ಎಲುಬಿಗೆ ಮೊಳೆ ಬಡಿದಂತಾಯಿತು. ಆಮೇಲೆ ಒದ್ದೆ ಬಟ್ಟೆ ಹಿಂಡುವಾಗ, ನಾದಿದ ಹಿಟ್ಟು ಒತ್ತುವಾಗ. ಕಡೆಗೆ ತುಂಬಿದ ತಂಬಿಗೆ ಎತ್ತುವುದಕ್ಕೂ ಹಲ್ಲು ಕಚ್ಚಬೇಕಾಯಿತು. ದೇವಕ್ಕ ಮಗಳನ್ನು ಮೊರಬಕ್ಕೆ ಕರೆದೊಯ್ದಳು. ಅಲ್ಲಿ ಎಲುಬು ಕಟ್ಟುವ ಶಿದ್ಲಿಂಗಪ್ಪ ಕೈ ಹಿಡಿದು ಜಗ್ಗಿ, ಅವಳು ಚೀರಿದ್ದನ್ನು ಕೇಳಿ ಸಂತೋಷಪಟ್ಟು, "ಕೀಲು ಜಾರೇತಿ" ಎಂದು ಪಟ್ಟಿ ಮೆತ್ತಿದ. ಅಮಾವಾಸ್ಯೆತನಕ ಬಿಚ್ಚಬಾರದು, ನೀರು ತಾಗಿಸಬಾರದು. ಅಷ್ಟರೊಳಗೆ ವಾಸಿಯಾಗದಿದ್ದರೆ ಮನೆಗೇ ಬಂದು ಕಬ್ಬಿಣ ಕಾಸಿ ಬರೆ ಹಾಕುತ್ತೇನೆ ಎಂದಿದ್ದ.

ವಾಸಿಯಾಗಿರಲಿಲ್ಲ. ಅಮಾವಾಸ್ಯೆ ಈ ವಾರದಲ್ಲೇ ಇತ್ತು. ಕಾದ ಕಬ್ಬಿಣಕ್ಕೆ ತನ್ನ ಚರ್ಮ ಚುರ್ರೆನ್ನುವ ಸದ್ದನ್ನೂ ಅದರ ವಾಸನೆಯನ್ನೂ ನೆನೆದು ಅವಳು ಒಲೆಯ ಕೆಂಡಕ್ಕೆ ಬೂದಿ ಎಳೆದು ಮುಚ್ಚುತ್ತಿದ್ದಳು.

ಮರುದಿನ ಮಧ್ಯಾಹ್ನ ದೇವಕ್ಕ ಊಟದ ಗದ್ದಲ ಮುಗಿಸಿ ಅಡ್ಡಾದಾಗ, ಪಕ್ಕದ ಮನೆಯ ಶಮೀಮಾಬಿ ಹಿತ್ತಲ ಗೋಡೆಯ ಮೇಲಿಂದ ಕರೆದಳು. ಶಮೀಮಾಬಿ ಬಳೆ ಮಾರುವವಳು. ಊರ ಹೆಂಗಸರ ಕೈಯನ್ನೆಲ್ಲ ಹಿಡಿದು ನೋಡಿದವಳು, ಬಾಯಿಯೂ ಅಷ್ಟೇ ಉದ್ದ.

"ಸಾವಂತ್ರಿ, ಇಲ್ಲಿ ಬಾ. ನಿನ್ನ ಗಿರಾಕಿ ಬಂದು ಕುಂತಾನ."

"ಯಾಂವ?"

"ಮೂಗು ಮುಚ್ಚಿಕೊಂಡಾಂವ. ನಿನ್ನೀ ಸಂಜಿ ನನ್ನ ಅಂಗಡಿಗೆ ಬಂದಿದ್ದ. ಬಳಿ ತಗೊಳಾಕ ಹೆಂಡತಿ ಇಲ್ಲ, ಅಕ್ಕತಂಗೇರಿಲ್ಲ. ಏನ ಬೇಕಪ್ಪಾ ಅಂದ್ರ, ಸಾವಂತ್ರೆವ್ವಾರ ಕೈಗೆ ಏನಾಗೇತಿ ಅಂತಾನ."

ಹೋಗಬಾರದು ಎಂದುಕೊಂಡೇ ಸಾವಂತ್ರಿ ಹೋದಳು. ಹಿತ್ತಲಿನ ಬೇವಿನ ಗಿಡದ ಕೆಳಗೆ ಮಲಕಪ್ಪ ಕಲ್ಲಿನ ಮೇಲೆ ಕೂತಿದ್ದ. ಮಿಶ್ರಿಕೋಟಿಯ ಕಡೆಯ ಹುಡುಗ, ಎತ್ತರದ ಆಳು, ಕೂತರೆ ಮೊಣಕಾಲು ಗದ್ದಕ್ಕೆ ಬರುತ್ತಿದ್ದವು. ಅಂಗಿ ಬೆಳ್ಳಗಿತ್ತು. ಆದರೂ ಅವಳ ಕಣ್ಣು ಅವನ ಕೈಗಳ ಮೇಲೇ ಹೋಯಿತು. ಈ ಕೈ ನಿನ್ನೆ ಎಲ್ಲೆಲ್ಲಿ ಹೋಗಿ ಬಂದಿದೆಯೋ ಎಂದು ಮೈ ಜುಮ್ಮೆಂದಿತು.

"ನಿನ್ನಿ ತಪ್ಪಾತ್ರಿ," ಎಂದ ಅವನು. "ಊಟ ಬಿಟ್ಟು ಏಳಬಾರದಿತ್ತು."

"ಆತು ಬಿಡ್ರಿ. ಕೈ ನೋಡಾಕ ಬಂದೀರಂತಲ್ಲ. ನಾನೇನು ಆಕಳೇನು?"

"ಆಕಳಾಗಿದ್ರ ಇಷ್ಟ ಮಾತಾಡತಿರಲಿಲ್ರಿ."

ಶಮೀಮಾಬಿ ಸೆರಗಿನಲ್ಲಿ ನಗು ಮುಚ್ಚಿಕೊಂಡಳು. ಸಾವಂತ್ರಿ ಹುಬ್ಬು ಗಂಟಿಕ್ಕಿದಳು, ಆದರೆ ತಿರುಗಿ ಹೋಗಲಿಲ್ಲ.

ಮಲಕಪ್ಪ ಅವಳನ್ನು ಮುಟ್ಟಲಿಲ್ಲ. ನೀರು ತುಂಬಿದ ತಂಬಿಗೆಯನ್ನು ಅವಳ ಮುಂದೆ ಇಟ್ಟ. "ಅಂಗೈ ನೆಲದ ಕಡೆ ಮಾಡಿ, ಮ್ಯಾಲಿಂದ ಕಂಠ ಹಿಡಿದು ಎತ್ರಿ." ಎತ್ತಿದಳು. ಮೊಳೆ ಬಡಿಯಿತು, ತಂಬಿಗೆ ಬಿತ್ತು. ಅವನು ಮತ್ತೆ ತುಂಬಿಸಿದ. "ಈಗ ಅಂಗೈ ಆಕಾಶದ ಕಡೆ ಮಾಡ್ರಿ. ತಂಬಿಗಿ ಕೆಳಗ ಕೈ ಕೊಟ್ಟು, ಮೊಣಕೈ ಮೈಗೆ ಹತ್ತಿಸಿ ಎತ್ರಿ." ಎತ್ತಿದಳು. ನೋವಿತ್ತು, ಆದರೆ ಮೊಳೆ ಇರಲಿಲ್ಲ. ಅದೇ ತಂಬಿಗೆ, ಅದೇ ಕೈ. ಸಾವಂತ್ರಿ ಅವನ ಮುಖವನ್ನು ಮೊದಲ ಸಲ ಸರಿಯಾಗಿ ನೋಡಿದಳು. ಕಣ್ಣು ದನದ ಕಣ್ಣಿನ ಹಾಗೆ ದೊಡ್ಡವು, ನಿಧಾನದವು. ಇದೂ ಅವನ ಕಸುಬಿನದೇ ಜಡ್ಡು ಇರಬೇಕು ಅನಿಸಿತು.

"ಕೀಲು ಜಾರಿದ್ರ ಎರಡೂ ರೀತಿಗೂ ಒಂದಾ ನೋವಿರತಿತ್ತು. ಜಾರಿಲ್ರಿ," ಎಂದ ಅವನು. ತನ್ನ ಎಡಗೈಯ ತೋಳು ಮಡಚಿ, ಮುಂಗೈಯ ಮೇಲ್ಭಾಗದ ಸ್ನಾಯುವನ್ನು ಮಣಿಕಟ್ಟಿನಿಂದ ಮೊಣಕೈಯ ಎಲುಬಿನವರೆಗೆ ಬೆರಳಿನಿಂದ ಗೆರೆ ಎಳೆದು ತೋರಿಸಿದ. "ಕೆಲಸ ಮಾಡೂದು ಇದು. ಹಂಚು ಎತ್ತೂದು, ಹಿಂಡೂದು, ಒತ್ತೂದು, ಎಲ್ಲಾ ಇದರ ಜಗ್ಗಾಟ. ಜಗ್ಗಿ ಜಗ್ಗಿ ಎಲುಬಿಗೆ ಅಂಟಿದ ಜಾಗ ಹರಕ ಆಗೇತಿ. ನೋವು ಎಲುಬಿನಾಗ, ತಪ್ಪು ದುಡಿಮಿದು. ನೀವು ಎಲುಬಿಗೆ ತತ್ತಿ ಮೆತ್ತೀರಿ. ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಹಾಕಿದ್ರಂತ."

"ನಿಮಗ ಹೆಂಗ ಗೊತ್ತು?"

"ನನಗೂ ಆಗಿತ್ರಿ. ಎಡಗೈಗೆ. ಹೋದ ವರ್ಷ ತಾಲೂಕಿನಾಗ ಹೋರಿ ಇಲ್ಲದ ಗಬ್ಬ ಹಿಡಸೂ ಜರ್ಸಿ ಇಂಜೆಕ್ಷನ್ ಶುರುವಾತಲ್ಲ, ದಿನಾ ಆಕಳೊಳಗ ಕೈ ಹಾಕಿ ಗರ್ಭಕೋಶ ಹಿಡದು ನಿಂದರಬೇಕು. ಆಕಳು ತಿಣುಕಿದ್ರ ತೋಳು ಹಿಂಡಿಹೋಗತೈತಿ. ಹುಬ್ಬಳ್ಳಿಯೊಳಗ ಡಾಕ್ಟರ್ ನೋಡಿ ಟೆನಿಸ್ ಎಲ್ಬೋ ಅಂದ್ರು."

"ಟೆನಿಸ್ ಅಂದ್ರ ಚಂಡಿನ ಆಟ ಅಲ್ಲೇನ್ರಿ? ನಾ ಎಲ್ಲಿ ಆಡೀನಿ?"

"ನಾನೂ ಆಡಿಲ್ರಿ. ಮೊದಲ ಡಾಕ್ಟರ್ ಹತ್ರ ಹೋದಾವ್ರು ಆಟಗಾರ್ರು. ರೊಟ್ಟಿ ಬಡಿಯಾವ್ರು ಹೋಗಿದ್ರ ನಿಮ್ಮ ಹೆಸರ ಇಡತಿದ್ರು."

ಸಾವಂತ್ರಿಗೆ ನಗು ಬಂತು. ಅದನ್ನು ನುಂಗುವಾಗ, ಅವನು ಮೊದಲು ಅಂದ ಒಂದು ಮಾತು ತಲೆಗೆ ಹೊಳೆಯಿತು.

"ಎಡಗೈ ಅಂದ್ರಿ?"

"ಹೌದ್ರಿ. ಆಕಳೊಳಗ ಹೋಗೂದು ಯಾವಾಗಲೂ ಎಡಗೈ. ಬಲಗೈಯೊಳಗ ಇಂಜೆಕ್ಷನ್ ನಳಿಗಿ ಹಿಡೀಬೇಕಲ್ಲ. ನಿಮ್ಮ ರೊಟ್ಟಿ ನಾ ಬಲಗೈಲೆನ ಮುರೀತೀನಿ." ಅವನು ಕಿಸೆಯಿಂದ ತಗಡಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿದ. ಒಳಗೆ ಕೆಂಪು ಸೋಪಿನ ತುಂಡು. "ಎರಡೂ ತೊಳಕೊಂಡ ಬರ್ತೀನ್ರಿ. ನನಗೂ ಹೇಸಿಗಿ ಐತಿ. ಉದ್ಯೋಗ ಅಂಥಾದು, ಮನಸ ಅಂಥಾದಲ್ಲ."

ಅವಳ ಕೆನ್ನೆ ಬಿಸಿಯಾಯಿತು. ಅವನು ಖಾನಾವಳಿಗೆ ಬರತೊಡಗಿದಂದಿನಿಂದ ಅವಳು ಅವನ ತಾಟಿಗೆ ರೊಟ್ಟಿಯನ್ನು ಮೇಲಿಂದ ಎಸೆದಿದ್ದಳು, ಬೆರಳು ತಾಗಬಾರದೆಂದು. ಅವನು ಒಮ್ಮೆಯೂ ಏನೂ ಅಂದಿರಲಿಲ್ಲ. ಉಳಿದವರು ಗಾಳಿಗೆಂದು ಪಡಸಾಲೆಯಲ್ಲಿ ಕೂತರೆ, ಈತ ಮಾತ್ರ ಒಲೆಯ ಬಾಗಿಲಿಗೆ ಎದುರಾಗಿ ಹೊಗೆಯಲ್ಲಿ ಕೂರುತ್ತಿದ್ದ. ಯಾಕೆಂದು ಅವಳಿಗೆ ಈಗ ತಿಳಿಯಿತು. ತಿಳಿದದ್ದು ಶಮೀಮಾಬಿಗೂ ಗೊತ್ತಾಯಿತು, ಹಾಳಾದವಳು ಬೇಕಂತಲೇ ಕೆಮ್ಮಿದಳು.

ಪಟ್ಟಿ ಬಿಚ್ಚಬೇಕೆಂದು ಮಲಕಪ್ಪ ಹೇಳಿದ. ಶಮೀಮಾಬಿ ಒಂದು ಸುತ್ತು ಬಿಚ್ಚಿ, "ಯಾ ಅಲ್ಲಾ, ನನ್ನ ಕೈಲೆ ಆಗೂದಿಲ್ಲ" ಎಂದು ಬೇವಿನ ಗಿಡದ ಆಚೆ ಹೋಗಿ ನಿಂತಳು. ಉಳಿದದ್ದು ಅವನಿಗೇ ಬಂತು.

ಅದು ಬಿಚ್ಚಿದ ಹಾಗಲ್ಲ, ಸುಲಿದ ಹಾಗೆ. ಬಟ್ಟೆಯ ಕಡೆಯ ಸುತ್ತು ಚರ್ಮಕ್ಕೇ ಅಂಟಿತ್ತು. ಕೆಳಗೆ ತೋಳು ಬಿಳಿಚಿ, ನೆನೆದು, ಗುಳ್ಳೆ ಎದ್ದು ಒಡೆದು, ಕೀವಿನಂಥ ಲೋಳೆ ಸುರಿಯುತ್ತಿತ್ತು. ವಾಸನೆ ಗಪ್ಪನೆ ಮುಖಕ್ಕೆ ಬಡಿಯಿತು. ಮಲಕಪ್ಪ ಎದ್ದು, ಗೋಡೆಯ ಹತ್ತಿರ ಹೋಗಿ, ವಾಂತಿ ಮಾಡಿಕೊಂಡ.

ಸಾವಂತ್ರಿ ಅಲ್ಲೇ ಸತ್ತುಹೋಗಬೇಕು ಅಂದುಕೊಂಡಳು. ದನದೊಳಗೆ ಕೈ ಹಾಕುವವನಿಗೂ ವಾಂತಿ ಬರುವಷ್ಟು ಹೊಲಸಾಯಿತು ತನ್ನ ಕೈ. ಅವನು ಇನ್ನು ತಿರುಗಿ ಬರುವುದಿಲ್ಲ ಎಂದು ಕಣ್ಣು ತುಂಬಿಕೊಂಡು ಕೂತಳು.

ಅವನು ಬಾಯಿ ಮುಕ್ಕಳಿಸಿ, ಸೋಪು ಹಿಡಿದುಕೊಂಡು ಬಂದು ಎದುರಿಗೆ ಕೂತ.

"ಹೇಸಿಗಿ ಬಂತ್ರಿ, ಸುಳ್ಯಾಕ ಹೇಳಲಿ. ಇನ್ನೊಮ್ಮಿ ಬಂದ್ರ ಇನ್ನೊಮ್ಮಿ ಎದ್ದು ಹೋಗಿ ಬರ್ತೀನಿ. ಕೈ ಕೊಡ್ರಿ."

ಅವಳು ಕೊಟ್ಟಳು. ಅವನು ತಣ್ಣೀರು ಸುರಿದು ಸುರಿದು, ಉಗುರು ತಾಗದಂತೆ, ಬೆರಳ ತುದಿಯಿಂದ ಲೋಳೆ ತೆಗೆದ. ಕಣ್ಣಲ್ಲಿ ನೀರು ತುಂಬಿ, ಮೂಗು ಕೆಂಪಾಗಿ, ಗಂಟಲು ಮೇಲೆ ಕೆಳಗೆ ಆಗುತ್ತಿತ್ತು ಅವನಿಗೆ. ಆದರೂ ಬಿಡಲಿಲ್ಲ. ತನ್ನನ್ನು ನೋಡಿ ಒಬ್ಬ ಗಂಡಸಿಗೆ ವಾಕರಿಕೆ ಬರುತ್ತಿರುವಾಗ ತನ್ನ ಎದೆ ಹೀಗೆ ಹಾರುವುದು ಎಂಥ ಹುಚ್ಚೋ ಎಂದು ಸಾವಂತ್ರಿ ಬೇವಿನ ಗಿಡವನ್ನು ನೋಡುತ್ತ ಕೂತಳು.

"ಗುಳ್ಳಿ ಮಾಯಲಿ ಮೊದಲ," ಎಂದ ಅವನು, ಕೈ ಒರೆಸುತ್ತ. "ಆಮ್ಯಾಲ ಮೊಣಕೈಯಿಂದ ಎರಡ ಬೆರಳ ಕೆಳಗ ಅಗಲದ ಪಟ್ಟಿ ಕಟ್ಟಿಕೊಳ್ರಿ, ಜಗ್ಗಾಟ ಅಲ್ಲೇ ನಿಲ್ಲತೈತಿ. ನೋವಾದಾಗ ತಣ್ಣೀರ ಬಟ್ಟಿ. ತಿಕ್ಕಬ್ಯಾಡ್ರಿ, ಜಗ್ಗಬ್ಯಾಡ್ರಿ. ನೋವು ಇಳದ ಮ್ಯಾಲ ಸಣ್ಣ ಕಲ್ಲು ಹಿಡದು ಮಣಿಕಟ್ಟು ಸಾವಕಾಶ ಏರಿಸಿ ಇಳಿಸೂದು. ಆದ್ರ ಹಂಚು ಎತ್ತೂದು ಬಿಡಬೇಕ್ರಿ. ತಿಂಗಳಗಟ್ಟಲೆ ಹಿಡೀತೈತಿ. ನನಗ ಸೂಜಿ ಮಾಡಿದ್ರು, ಸ್ವಲ್ಪ ದಿನ ಹಾಯ್ ಅನಿಸ್ತು, ಕೆಲಸ ಬಿಡಲಿಲ್ಲ ನೋಡ್ರಿ, ಮತ್ತ ಬಂತು."

"ಅವ್ವಗೂ ಹಿಂಗ ಆಗಿತ್ತಂತ. ಬರಿ ಹಾಕಿಸಿದ ಮ್ಯಾಲ ವಾಸಿ ಆತಂತ."

"ಬರಿ ಹಾಕಿದ ಮ್ಯಾಲ ಎಷ್ಟ ದಿನ ಒಲಿ ಮುಂದ ಕುಂತಿದ್ದಿಲ್ಲ?"

ಸಾವಂತ್ರಿ ಯೋಚಿಸಿದಳು. "ಗಾಯ ಕೀವು ತುಂಬಿತ್ತಂತ. ಸುಗ್ಗಿ ಮುಗಿಯೂತನಕ ಅವ್ವನ ಅವ್ವ, ನಮ್ಮ ಆಯಿನ ರೊಟ್ಟಿ ಬಡದಳಂತ."

"ಅಷ್ಟೂ ದಿನ ಆ ಕೈಗೆ ಸುಮ್ಮನ ಇರಾಕ ಸಿಕ್ತು. ವಾಸಿ ಮಾಡಿದ್ದು ಅದು. ಬರಿ ಹಾಕಿದ್ದು ಕಲಿ ಅಷ್ಟ ಉಳಿಸಿ ಹೋತು."

ಬಿಚ್ಚಿದ ಪಟ್ಟಿ ದೇವಕ್ಕನ ಕಣ್ಣಿಗೆ ಬೀಳದೆ ಇರುತ್ತದೆಯೇ? ಆ ಸಂಜೆ ಮನೆ ರಣರಂಗವಾಯಿತು.

"ದನದ ಡಾಕ್ಟರ್ ಮಾತ ಕೇಳಿ ಪಟ್ಟಿ ಬಿಚ್ಚಿದೇನ ಲೇ? ನಿನಗೇನ ಬಾಲ ಐತಿ?"

"ನೋಡ ಬೇ ಈ ಕೈಯ. ಕೊಳತಿತ್ತು."

"ಕೊಳೀಲಿ. ಒಳಗಿನ ಕೆಟ್ಟದ್ದು ಹೊರಗ ಬರಾಕತ್ತಿತ್ತು."

"ಬಿಟ್ಟರ ತಾನಾ ಮಾಯತೈತಂತ. ಕೆಲಸ ಬಿಡಬೇಕಂತ."

ದೇವಕ್ಕ ಮಗಳ ಎದುರಿಗೆ ಬಂದು ಕೂತಳು. ಆಮೇಲೆ ದನಿ ಇಳಿಸಿ ಹೇಳಿದಳು. "ನೀ ತಿಂಗಳಗಟ್ಟಲೆ ಕೈ ಕಟ್ಟಿಕೊಂಡು ಕುಂತ್ರ ರೊಟ್ಟಿ ಯಾರು ಬಡೀತಾರವ್ವಾ? ನನಗ ಆಯಿ ಇದ್ದಳು. ನಿನಗ ಯಾರದಾರ? ಖಾನಾವಳಿ ಮುಚ್ಚಿದ್ರ ನಾವಿಬ್ಬರು ಏನ ತಿನ್ನೂಣು? ಬರಿ ಅಂದ್ರ ಒಂದ ದಿನದ ನೋವು. ನಾ ತಡಕೊಂಡಿಲ್ಲೇನು?"

ಅವ್ವನ ಮಾತು ಸುಳ್ಳಲ್ಲ ಎಂದು ಸಾವಂತ್ರಿಗೆ ಗೊತ್ತಿತ್ತು. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ, ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ.

ಅಮಾವಾಸ್ಯೆಯ ಮುಂಜಾನೆ ಶಿದ್ಲಿಂಗಪ್ಪ ಮೊದಲ ಬಸ್ಸಿಗೇ ಬಂದಿಳಿದ. ಬಾಯಲ್ಲಿ ಎಲೆಯಡಿಕೆ, ಧೋತರದ ತುಂಬ ಅದರ ಕಲೆ. ಅವನು ಸಾವಂತ್ರಿಯ ಒಲೆಯಲ್ಲೇ, ಅವಳು ದಿನಾ ಸಾರಿಸಿ ಪೂಜಿಸುವ ಒಲೆಯಲ್ಲಿ, ತುಕ್ಕು ಹಿಡಿದ ಕಬ್ಬಿಣವನ್ನು ತುರುಕಿದ. ಒಲೆಯ ಬಾಜೂಕೇ ಪಿಚಕ್ಕನೆ ಉಗುಳಿದ. "ಬಾ ತಂಗಿ, ಕುಂದರು" ಎಂದು ಆ ಕೆಂಪು ಬಾಯಿ ನಕ್ಕಿತು.

ಸಾವಂತ್ರಿ ಉಗುಳನ್ನು ನೋಡಿದಳು, ಕಬ್ಬಿಣವನ್ನು ನೋಡಿದಳು. ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಚಪ್ಪಲಿಯನ್ನೂ ಮೆಟ್ಟದೆ ದನದ ದವಾಖಾನೆಯ ದಾರಿ ಹಿಡಿದಳು.

ಅಲ್ಲಿ ಹೋಗಿ ಏನು ಕೇಳಬೇಕೆಂದು ಅವಳಿಗೂ ಗೊತ್ತಿರಲಿಲ್ಲ. ಕೇಳುವ ಹೊತ್ತೂ ಅದಾಗಿರಲಿಲ್ಲ. ದವಾಖಾನೆಯ ಕಟ್ಟೆಯ ಮುಂದೆ ಒಂದು ಎಮ್ಮೆ ಅಡ್ಡಬಿದ್ದು ನರಳುತ್ತಿತ್ತು. ಎಮ್ಮೆಯ ಒಡೆಯ, ಮುದುಕ ಹನಮಂತಪ್ಪ, ಅದರ ಕೊಂಬು ಹಿಡಿದು ತಲೆಯ ಮೇಲೆ ಒರಗಿದ್ದ. ಹಿಂದೆ ಮಲಕಪ್ಪ ಅಂಗಿ ಬಿಚ್ಚಿ, ನೆಲಕ್ಕೆ ಎದೆ ಹಚ್ಚಿ ಮಲಗಿದ್ದ. ಅವನ ಎಡಗೈ ಭುಜದವರೆಗೆ ಎಮ್ಮೆಯ ಒಳಗಿತ್ತು. ಸಗಣಿ, ರಕ್ತ, ಲೋಳೆ ಅವನ ಕಿವಿಯವರೆಗೂ ಮೆತ್ತಿತ್ತು. ಎಮ್ಮೆ ತಿಣುಕಿದಾಗೊಮ್ಮೆ ಅವನ ಮುಖ ನೋವಿನಿಂದ ಕಿವುಚಿಕೊಳ್ಳುತ್ತಿತ್ತು.

"ಕರು ಕುತ್ತಿಗಿ ಹೊಳ್ಳೇತ್ರಿ," ಎಂದ, ಅವಳನ್ನು ಕಂಡು. ಹೇಗೆ ಬಂದಿರಿ, ಯಾಕೆ ಬಂದಿರಿ ಎಂದು ಕೇಳಲಿಲ್ಲ. "ಕರುದ ಕಾಲಿಗೆ ಹಗ್ಗ ಹಾಕೀನಿ. ಜಗ್ಗಾವ್ರಿಲ್ಲ, ಜವಾನ ಅತ್ತಿ ಊರಿಗೆ ಹೋಗ್ಯಾನ. ತಲಿ ನಾ ತಿರುಗಿಸಬೇಕು. ನನ್ನ ಕೈ ಸೋಲಾಕತ್ತೈತ್ರಿ."

ಹಗ್ಗ ಹೊರಗೆ ಬಿದ್ದಿತ್ತು, ಲೋಳೆಯಲ್ಲಿ ಅದ್ದಿ ತೆಗೆದ ಹಾವಿನ ಹಾಗೆ. ಸಾವಂತ್ರಿಯ ಬಾಯಲ್ಲಿ ಹುಳಿನೀರು ತುಂಬಿತು. ಉಗುಳಿ, ಬಾಗಿ, ಎಡಗೈಯಿಂದ ಹಗ್ಗ ಎತ್ತಿಕೊಂಡಳು.

"ಕೈಲೆ ಬಿಗಿ ಹಿಡದು ಜಗ್ಗಬ್ಯಾಡ್ರಿ," ಅವನು ಉಸಿರು ಬಿಗಿಹಿಡಿದು ಹೇಳಿದ. "ನಿಮ್ಮ ಮೊಣಕೈ ಹೋಗತೈತಿ. ಸೊಂಟಕ್ಕ ಸುತ್ತಿಕೊಳ್ರಿ. ನಾ ಅಂದಾಗ ಹಿಂದಕ್ಕ ವಾಲ್ರಿ, ಸಾವಕಾಶ, ನೆಲದ ಕಡೆ."

ಆ ಹೊಲಸು ಹಗ್ಗವನ್ನು ಅವಳು ಒಗೆದು ಉಟ್ಟ ಸೀರೆಯ ಮೇಲೆ ಸೊಂಟಕ್ಕೆ ಸುತ್ತಿಕೊಂಡಳು. ಅವನು "ಈಗ" ಎಂದ. ವಾಲಿದಳು. "ನಿಲ್ರಿ" ಎಂದ. ನಿಂತಳು. ಎಮ್ಮೆ ಅವಳ ಪಾದದ ಮೇಲೆ ಉಚ್ಚೆ ಹೊಯ್ದಿತು. "ಈಗ್ರಿ." ಒಳಗೆ ಏನೋ ಹೊರಳಿತು. ಮಲಕಪ್ಪ ಹಲ್ಲು ಕಚ್ಚಿ ಕೂಗಿದ, ಹಗ್ಗ ಸಡಿಲಾಯಿತು, ಸಾವಂತ್ರಿ ಹಿಂದಕ್ಕೆ ಸಗಣಿಯಲ್ಲಿ ಕೂತುಬಿಟ್ಟಳು. ಕರು, ಅದರ ಜೊತೆ ಒಂದು ಕೊಡದಷ್ಟು ಬೆಚ್ಚಗಿನ ನೀರು, ಅವಳ ಮಡಿಲಿಗೇ ಬಂದು ಬಿತ್ತು.

ಅದು ಕೆಮ್ಮಿತು. ಹನಮಂತಪ್ಪ ಎಮ್ಮೆಯ ತಲೆ ಬಿಟ್ಟು, "ಬದುಕೇತ್ಯೋ ಯಪ್ಪಾ" ಎಂದು ಅಳತೊಡಗಿದ.

ಮಲಕಪ್ಪ ಎದ್ದು ಕೂತ. ಎಡಗೈ ತೊಡೆಯ ಮೇಲೆ ಸತ್ತ ಹಾಗೆ ಬಿದ್ದಿತ್ತು. ಬಲಗೈಯಿಂದ ಕರುವಿನ ಮೂಗಿನ ಲೋಳೆ ತೆಗೆದು, ಆಮೇಲೆ ಅವಳನ್ನು ನೋಡಿದ. ತಲೆಯಿಂದ ಕಾಲಿನತನಕ ನೋಡಿದ. ತುಟಿಯ ಮೂಲೆಯಲ್ಲಿ ನಗು ಬಂದು, ಹೆದರಿ, ನಿಂತಿತು.

"ಇವತ್ತ ನಿಮ್ಮ ಮನಿಗೆ ಬರಾಂವ ಇದ್ದೆ," ಎಂದ. "ಎರಡ ಸರ್ತಿ ಸೋಪು ಹಚ್ಚಿ, ಇಸ್ತ್ರಿ ಅಂಗಿ ಹಾಕ್ಕೊಂಡು. ಬರಿ ಬ್ಯಾಡ ಅಂತ ನಿಮ್ಮವ್ವನ ಕೇಳಬೇಕು, ಇನ್ನೊಂದೂ ಕೇಳಬೇಕು ಅಂತ. ಈಗ ನೋಡ್ರಿ ಹೆಂಗ ಕುಂತೀನಿ."

"ಇನ್ನೊಂದು ಏನು?"

"ಈ ಹೊಲಸಿನಾಗ ಬ್ಯಾಡ್ರಿ."

"ನನ್ನ ಕೊಳತ ಕೈ ತೊಳದೀರಿ. ಈಗ್ಯಾಕ ನಾಚಿಕಿ? ಕೇಳ್ರಿ."

ಅವನು ಕೇಳುವುದರೊಳಗೆ ದೇವಕ್ಕ ಬಂದಳು. ಮಗಳ ಹಿಂದೆಯೇ ಊರೆಲ್ಲ ಹುಡುಕಿ, ಏದುಸಿರು ಬಿಡುತ್ತ ಬಂದವಳು, ನೊಣಕ್ಕೂ ಹೇಸುವ ತನ್ನ ಮಗಳು ಸಗಣಿ ಉಚ್ಚೆಯಲ್ಲಿ ಕೂತು, ಮಡಿಲಲ್ಲಿ ಲೋಳೆ ಸುರಿಸುವ ಕರು ಇಟ್ಟುಕೊಂಡು, ಒಬ್ಬ ಬರಿಮೈ ಗಂಡಸಿನ ಮುಖವನ್ನು ನೋಡುತ್ತಿರುವುದನ್ನು ಕಂಡು ಹಾಗೇ ನಿಂತಳು. ಸೆರಗು ತಾನಾಗಿ ಮೂಗಿಗೆ ಹೋಯಿತು.

"ಲೇ ಸಾವಂತ್ರಿ, ಕಬ್ಬಿಣ ಕಾದೈತಿ."

"ಕಾಯಲಿ. ನಾ ಬರಿ ಹಾಕಿಸ್ಕೊಳ್ಳೂದಿಲ್ಲ ಬೇ."

"ಮತ್ತ ರೊಟ್ಟಿ?"

"ನಾ ಬಡೀತೀನ್ರಿ ಅಕ್ಕಾರ," ಎಂದ ಮಲಕಪ್ಪ. ಎದ್ದು ನಿಲ್ಲಲು ಹೋಗಿ, ಜಾರಿ, ಮತ್ತೆ ಕೂತ. "ಮಿಶ್ರಿಕೋಟಿಯೊಳಗ ಅವ್ವ ತೀರಿದ ಮ್ಯಾಲ ಅಪ್ಪಗ, ತಮ್ಮಂದಿರಿಗೆ ನಾನಾ ಬಡದು ಹಾಕೀನಿ. ದವಾಖಾನಿ ತಗಿಯೂದು ಎಂಟಕ್ಕ. ಅದರಕಿಂತ ಮೊದಲ ಬಂದು ಮಧ್ಯಾಹ್ನದ್ದೆಲ್ಲಾ ಬಡದಿಟ್ಟು ಹೋಗ್ತೀನಿ. ಸಂಜಿಗೆ ಮತ್ತ ಬರ್ತೀನಿ. ಇವ್ರ ಕೈ ಮಾಯೂತನಕ. ಮಾದ ಮ್ಯಾಲೂ ಬರ್ತೀನಿ, ನೀವು ಹೂಂ ಅಂದ್ರ."

ದೇವಕ್ಕ ಅವನ ಕೈಯನ್ನು ನೋಡಿದಳು. ಭುಜದಿಂದ ಬೆರಳಿನವರೆಗೆ ಅದರಿಂದ ಏನೇನೋ ತೊಟ್ಟಿಕ್ಕುತ್ತಿತ್ತು. ಅವಳ ಮುಖ ಕಹಿ ಬೇವು ಅಗಿದಂತಾಯಿತು. ಆಮೇಲೆ ಮಗಳನ್ನು ನೋಡಿದಳು. ಆ ಮುಖದಲ್ಲಿ ಹೇಸಿಗೆ ಎಲ್ಲಿದೆ ಎಂದು ಹುಡುಕುವವಳ ಹಾಗೆ, ಸಿಗದವಳ ಹಾಗೆ.

"ಶಿದ್ಲಿಂಗಪ್ಪಗ ಒಂದ ತಾಟ ಉಣಿಸಿ ಬಸ್ಸಿಗೆ ಕಳಸ್ತೀನಿ," ಎಂದಳು ಕಡೆಗೆ. "ನೀವಿಬ್ಬರು ಮೊದಲ ಜಳಕ ಮಾಡ್ರಿ. ಇಂಥಾ ಹೊಲಸಿನಾಗ ಕುಂತು ಯಾರರ ಮದಿವಿ ಮಾತಾಡ್ತಾರೇನು?"